ಷರಾ: ಇಲ್ಲ

ಅವರು ಹೋದ ಸುದ್ದಿ ನನಗೆ ಮೊಬೈಲಿನಲ್ಲಿ ಬಂತು. ನಮ್ಮ ಕಚೇರಿಯ ಹಳಬರು, ಹೊಸಬರು ಎಲ್ಲರೂ ಇರುವ ಗುಂಪಿನಲ್ಲಿ ಯಾರೋ ಅವರ ಹಳೆಯ ಫೋಟೋ ಹಾಕಿ ‘ಶಿವಾಧೀನರಾದರು’ ಎಂದು ಬರೆದಿದ್ದರು. ಅದರ ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ನಾನೂ ಒಂದು ಒತ್ತಿದೆ. ಒತ್ತಿದ ಮೇಲೆ ನಾಚಿಕೆಯಾಯಿತು. ಉಳಿದವರು ಒತ್ತಬಹುದು, ನಾನು ಒತ್ತಬಾರದಿತ್ತು. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕುಂದಗೋಳದ ಕಡೆಯ ಒಂದು ಸಣ್ಣ ಮಣ್ಣು ಪರೀಕ್ಷೆಯ ಕೇಂದ್ರ ನಮ್ಮದು. ರೈತರು ಚೀಲದಲ್ಲಿ ಹೊಲದ ಮಣ್ಣು ತರುತ್ತಾರೆ, ನಾವು ನೋಡಿ ಒಂದು ಕಾರ್ಡು ಬರೆದು ಕೊಡುತ್ತೇವೆ. ನನ್ನದು ಆವಕ-ಜಾವಕದ ಟೇಬಲ್ಲು. ಒಳಗೆ ಬಂದ ಕಾಗದಕ್ಕೆ ಆವಕದಲ್ಲಿ ನಂಬರು, ಹೊರಗೆ ಹೋಗುವ ಕಾಗದಕ್ಕೆ ಜಾವಕದಲ್ಲಿ ನಂಬರು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಮಣ್ಣಿನ ಕಚೇರಿಯಲ್ಲಿದ್ದೂ ಕೈಗೆ ಮಣ್ಣು ಹತ್ತಿಸಿಕೊಳ್ಳದ ಏಕೈಕ ನೌಕರಳು ನಾನು ಎಂದು ಅವರು ಚಾಷ್ಟಿ ಮಾಡುತ್ತಿದ್ದರು.

ಅವರು ಮಣ್ಣು ನೋಡುವ ಸಾಹೇಬರಾಗಿ ನಮ್ಮಲ್ಲಿಗೆ ಬಂದದ್ದು ತಮ್ಮ ಕೆಲಸದ ಕೊನೆಯ ವರ್ಷಗಳಲ್ಲಿ. ಮಿಶ್ರಿಕೋಟಿಯವರು. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು, ಆದರೂ ನನಗಿಂತ ಮೊದಲು ಬಂದಿರುತ್ತಿದ್ದರು. ಉದ್ದ ಆಳು, ಸ್ವಲ್ಪ ಬಾಗಿದ ಬೆನ್ನು, ಹಣೆಯ ಮೇಲೆ ಮೂರೆಳೆ ವಿಭೂತಿ, ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸಣ್ಣ ಚಾಕು. ಆ ಚಾಕುವಿನಿಂದ ಅವರು ಹಣ್ಣು ಕೊಯ್ದದ್ದನ್ನು ಯಾರೂ ಕಂಡಿಲ್ಲ, ಅದು ಮಣ್ಣು ಕೆರೆಯುವುದಕ್ಕೆ. ಮಣ್ಣನ್ನು ಮಶೀನಿಗೆ ಹಾಕುವ ಮೊದಲು ಅಂಗೈಯಲ್ಲಿ ಇಟ್ಟು, ಎರಡು ಹನಿ ನೀರು ಬಿಟ್ಟು, ಹೆಬ್ಬೆರಳಿನಿಂದ ತೀಡುತ್ತಿದ್ದರು. ಆಮೇಲೆ ಮೂಸುತ್ತಿದ್ದರು. ಒಮ್ಮೊಮ್ಮೆ ನಾಲಗೆಯ ತುದಿಗೂ ಮುಟ್ಟಿಸುತ್ತಿದ್ದರು. ‘ಮಣ್ಣು ನೆಕ್ಕೋ ಸಾಹೇಬ್ರು’ ಎಂದು ಊರಲ್ಲಿ ಹೆಸರು ಬಿತ್ತು. ಅವರಿಗೆ ಗೊತ್ತಿತ್ತು, ಬೇಜಾರು ಮಾಡಿಕೊಳ್ಳಲಿಲ್ಲ.

ಒಮ್ಮೆ ಕುಬಿಹಾಳದ ರೈತನೊಬ್ಬ ಮಣ್ಣಿನ ಚೀಲ ತಂದ. ಹೊಲದಲ್ಲಿ ಹತ್ತು ಕಡೆ ಅಗೆದು, ಬೆರೆಸಿ, ಅದರಲ್ಲಿ ಒಂದು ಮುಷ್ಟಿ ತರಬೇಕು ಎಂಬುದು ನಿಯಮ. ಇವರು ಚೀಲ ಬಿಚ್ಚಿ ಮೂಸಿದರು, ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ತಿಪ್ಪಿ ಬಾಜೂದ್ದು ತಂದೀಯಲ್ಲೋ ತಮ್ಮಾ. ಕನ್ಯಾ ನೋಡಾಕ ಬಂದವರಿಗೆ ಬಾಜೂಮನಿ ಹುಡುಗಿ ತೋರಿಸಿದಂಗ ಆತು ನೋಡು" ಎಂದರು. ಅವನು ನಕ್ಕುಬಿಟ್ಟ. ಮರುದಿನ ಸರಿಯಾದ ಮಣ್ಣು ತಂದ, ಜೊತೆಗೆ ಒಂದು ಚೀಲ ಹಸಿ ಮೆಣಸಿನಕಾಯಿ. ಮೆಣಸಿನಕಾಯಿ ನನ್ನ ಪಾಲಿಗೆ ಬಂತು.

ಅವರ ಟೇಬಲ್ಲಿನ ಮೇಲೆ ಒಂದು ಬಿಸ್ಕೀಟಿನ ಡಬ್ಬಿ ಇರುತ್ತಿತ್ತು. ನಾನು ಮೊದಲ ದಿನವೇ ಚಹಾದ ಹೊತ್ತಿಗೆ ಆಸೆಯಿಂದ ಮುಚ್ಚಳ ತೆಗೆದೆ. ಒಳಗೆ ಮಣ್ಣು. ಹಾಗಂತ ನಮ್ಮ ಕಡೆಯ ಮಣ್ಣಲ್ಲ. ಮೇಲೆ ಕಪ್ಪು, ಒಳಗೆ ಕೆಂಗಂದು, ರವೆಯ ಹಾಗೆ ಹುಡಿಹುಡಿ, ನಡುನಡುವೆ ಕಲ್ಲಿನ ಹರಳು ಮತ್ತು ದಾರದಂಥ ಬೇರುಗಳು. "ಏನ್ ಹುಡುಕಾಕತ್ತೀ ತಂಗಿ?" ಎಂದು ಕೇಳಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ಎರಡು ತೂತಿನ ತಗಡಿನ ಗ್ಲಾಸು ತಂದು, ಒಂದರಲ್ಲಿ ನಮ್ಮ ಯರಗುಪ್ಪಿಯ ಹೊಲದ ಕರಿ ಎರಿ ಮಣ್ಣು, ಇನ್ನೊಂದರಲ್ಲಿ ಆ ಡಬ್ಬಿಯ ಮಣ್ಣು ತುಂಬಿ, ಎರಡಕ್ಕೂ ಒಂದೊಂದು ಲೋಟ ನೀರು ಹೊಯ್ದರು. ಡಬ್ಬಿಯ ಮಣ್ಣು ನೀರನ್ನು ಇಳಿಸಿ ಕೆಳಗಿನ ಬಟ್ಟಲಿಗೆ ಬಿಟ್ಟಿತು, ನೀರು ಹೆಚ್ಚೂಕಡಿಮೆ ತಿಳಿಯಾಗಿಯೇ ಇತ್ತು. ನಮ್ಮ ಎರಿ ಮಣ್ಣು ಉಬ್ಬಿ, ತೂತು ಮುಚ್ಚಿ, ನೀರನ್ನು ತಲೆಯ ಮೇಲೆ ಹೊತ್ತು ಕೂತಿತು. ಸಂಜೆ ಐದೂವರೆಗೆ ಕಚೇರಿ ಬಾಗಿಲು ಹಾಕುವಾಗಲೂ ಕೂತಿತ್ತು.

ನಾನು ಯರಗುಪ್ಪಿಯವಳು. ಎರಿ ಹೊಲದ ಮನೆತನ. ಮಳೆ ಬಿದ್ದರೆ ಹೊಲಕ್ಕೆ ಕಾಲಿಡುವಂತಿಲ್ಲ, ಇಟ್ಟರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮನೆಗೆ. ನೀರು ನಿಂತು ಬೆಳೆ ಹಳದಿ ಬೀಳುವುದನ್ನು, ಮನೆಯ ಗೋಡೆ ಬೇಸಿಗೆಯಲ್ಲಿ ಬಿರುಕು ಬಿಡುವುದನ್ನು ನೋಡುತ್ತಲೇ ಬೆಳೆದವಳು. ನಮಗೆ ಮಣ್ಣಿನ ಬಗ್ಗೆ ಇರುವುದು ಒಂದೇ ಪ್ರಾರ್ಥನೆ: ನೀರು ಬಸಿದು ಹೋಗಲಿ. ‘ಅವರ ಹೊಲದಾಗ ನೀರು ನಿಂದ್ರಂಗಿಲ್ಲ’ ಎಂದರೆ ಅದು ನಮ್ಮಲ್ಲಿ ದೊಡ್ಡ ಹೊಗಳಿಕೆ, ಹೆಣ್ಣು ಕೊಡುವಾಗಲೂ ಹೇಳುವ ಮಾತು. ಅದಕ್ಕೇ ಅವರ ಡಬ್ಬಿಯ ಮಣ್ಣು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಇಂಥ ಮಣ್ಣು ಇದ್ದವರಿಗೆ ಇನ್ನೇನು ಚಿಂತೆ ಎಂದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು. ಉತ್ತರ ಸಿಕ್ಕಿದ್ದು ಆಮೇಲೆ, ತುಂಡು ತುಂಡಾಗಿ, ಚಹಾದ ಹೊತ್ತಿನಲ್ಲಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಕರಾವಳಿಯಲ್ಲಿ ಮಣ್ಣು ಸಮೀಕ್ಷೆ ಮಾಡುತ್ತಿದ್ದರಂತೆ. ಸಮುದ್ರ ಕಾಣುವ ಗುಡ್ಡಗಳು, ಮೈತುಂಬ ಕಾಡು. ಗುಡ್ಡದ ಇಳಿಜಾರಿನಲ್ಲಿ ಆಳುದ್ದದ ಗುಂಡಿ ತೋಡಿ, ಒಳಗೆ ಇಳಿದು, ಗೋಡೆಯನ್ನು ಚಾಕುವಿನಿಂದ ಕೆರೆದು ಪದರ ಪದರವಾಗಿ ಬರೆದುಕೊಳ್ಳುವುದು ಕೆಲಸ. ಆ ಗುಂಡಿಗಳ ಮಾತು ಬಂದರೆ ಅವರ ದನಿ ಬೇರೆಯಾಗುತ್ತಿತ್ತು. ಮೇಲೆ ಕೊಳೆತ ಎಲೆಯ ಹಾಸಿಗೆ, ಅದರ ಕೆಳಗೆ ಎರೆಹುಳ ಆಡಿದ ಕಪ್ಪು ಹುಡಿ, ಆಮೇಲೆ ಕಲ್ಲುಹರಳು ಬೆರೆತ ಕೆಂಪು, ಮತ್ತೂ ಕೆಳಗೆ ಕೊಳೆಯುತ್ತಿರುವ ಬಂಡೆ. ವರ್ಷಕ್ಕೆ ಅಷ್ಟು ಮಳೆ ಸುರಿದರೂ ಎದೆಮಟ್ಟದವರೆಗೆ ಎಲ್ಲಿಯೂ ಒಂದು ಬೂದು ಕಲೆ ಇರಲಿಲ್ಲ ಎನ್ನುತ್ತಿದ್ದರು. ನೀರು ನಿಂತ ಮಣ್ಣಿನಲ್ಲಿ ಬೂದು ಕಲೆ ಬೀಳುತ್ತದೆಯಂತೆ. ಕಲೆ ಇಲ್ಲ ಅಂದರೆ ನೀರು ಬಂತು, ಹೋಯಿತು, ನಿಲ್ಲಲಿಲ್ಲ. ಮಳೆ ತೊಳೆದೂ ತೊಳೆದೂ ಸಾರ ಕಡಿಮೆ, ಹುಳಿ ಹೆಚ್ಚು. ನಾಲಗೆಗೆ ತಿಳಿಯುತ್ತದೆ ಎಂದು ಅವರು ಹೇಳಿದ್ದನ್ನು ನಾನು ಪರೀಕ್ಷೆ ಮಾಡಲು ಹೋಗಲಿಲ್ಲ.

ಒಂದು ಗುಡ್ಡದ ಬುಡದಲ್ಲಿ ಒಬ್ಬ ಹೆಂಗಸು ಇದ್ದಳು. ಇವರು ಗುಂಡಿ ತೋಡುತ್ತಿದ್ದ ನಾಲ್ಕು ದಿನವೂ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ತಂದು ಕೊಟ್ಟಳಂತೆ. ಇವರಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಅಕ್ಕ ಎಂದು ಕರೆಯುತ್ತಿದ್ದರು. ಗುಡಿಸಲು ತೆಗೆದು ಅಲ್ಲೇ ಕಲ್ಲಿನ ಮನೆ ಕಟ್ಟಬೇಕೆಂಬ ಆಸೆ ಅವಳಿಗೆ, ಗುಡ್ಡದ ಭಯ ಅವಳ ಗಂಡನಿಗೆ. ಕೊನೆಯ ದಿನ ಅವಳು ಕೇಳಿದಳು, ನೀವು ಓದಿದವರು, ಒಳಗೆ ಇಳಿದು ನೋಡಿದವರು, ಕಟ್ಟಬಹುದೋ ಬೇಡವೋ? ಇಪ್ಪತ್ತಾರು ವರ್ಷದ ಸಾಹೇಬರು ಗುಂಡಿಯಿಂದ ಮೇಲೆ ಬಂದು, ಕೈ ಜಾಡಿಸಿ, ಈ ಗುಡ್ಡ ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಅಕ್ಕಾ, ಧೈರ್ಯವಾಗಿ ಕಟ್ಟು ಎಂದರು. ಮರುವರ್ಷ ಮನೆ ಒಕ್ಕಲಿನ ಕರೆಯೋಲೆ ಬಂತು. ಅದನ್ನು ಅವರು, ಆ ಗುಡ್ಡದ ಮಣ್ಣೇ ಇದ್ದ ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿಕೊಂಡಿದ್ದರು. ಹಳದಿ ಕಾಗದ, ಮೂಲೆಯಲ್ಲಿ ಅರಿಶಿಣ ಕುಂಕುಮ.

ಆ ಗುಂಡಿಯ ಕಾರ್ಡನ್ನೂ ಅವರೇ ಬರೆದರು. ಮಣ್ಣು: ಆಳ. ಇಳಿಜಾರು: ಕಡಿದು. ನೀರು ಬಸಿಯುವಿಕೆ: ಉತ್ತಮ. ಕೊನೆಗೆ ‘ಷರಾ’ ಎಂಬ ಕಾಲಂ ಇರುತ್ತದೆ, ಹೆಚ್ಚಿಗೆ ಏನಾದರೂ ಹೇಳುವುದಿದ್ದರೆ ಬರೆಯುವ ಜಾಗ. ನಮ್ಮ ಇಲಾಖೆಯಲ್ಲಿ ಅದರಲ್ಲಿ ಯಾರೂ ಏನೂ ಬರೆಯುವುದಿಲ್ಲ, ಬರೆದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ. ಅವರೂ ಎಲ್ಲರ ಹಾಗೆ ‘ಇಲ್ಲ’ ಎಂದು ಬರೆದು ಸಹಿ ಹಾಕಿದರು.

ಇಷ್ಟೂ ಹಳೆಯ ಮಾತು. ಹೊಸ ಮಾತು ಶುರುವಾದದ್ದು ಅವರ ನಿವೃತ್ತಿಗೆ ಎರಡು ವರ್ಷ ಇರುವಾಗ. ಒಂದು ದಿನ ಅವರು ಹಳೆಯ ಸಹೋದ್ಯೋಗಿಯೊಬ್ಬರು ಕಳಿಸಿದ್ದ ಕಾಗದವನ್ನು ಮೊಬೈಲಿನಲ್ಲಿ ಓದುತ್ತ ಚಹಾ ಆರಿಸಿಬಿಟ್ಟರು. ಅದೇ ಗುಡ್ಡದ ಮೇಲಿನ ಅರ್ಧ ಕಾಡನ್ನು ಕಡಿದಿದ್ದರು, ಸಮುದ್ರ ಕಾಣುವ ಹಾಗೆ ವಸತಿಗೃಹ ಕಟ್ಟಲಿಕ್ಕೆ. ಕಡಿಯಲು ಒಪ್ಪಿಗೆ ಕೊಟ್ಟ ಕಾಗದದಲ್ಲಿ ಇವರ ಕಾರ್ಡಿನ ಸಾಲು ಇತ್ತು. ಮಣ್ಣು ಆಳವಾಗಿದ್ದು ನೀರು ಉತ್ತಮವಾಗಿ ಬಸಿಯುತ್ತದೆ, ಸಮೀಕ್ಷಕರ ಷರಾ ಇಲ್ಲ.

ನಾನು ಎಂದಿನಂತೆ ಎರಿ ಮಣ್ಣಿನವಳ ಬುದ್ಧಿ ಖರ್ಚು ಮಾಡಿದೆ. ನೀರು ಬಸಿಯುತ್ತದಲ್ಲ ಸರ್, ಮತ್ಯಾಕೆ ಚಿಂತೆ ಎಂದೆ. ಅವರು ನನ್ನನ್ನು ಕೂಡಲು ಹೇಳಿ, ಆ ಡಬ್ಬಿಯ ಮಣ್ಣಿನಿಂದ ಒಂದು ಬೇರಿನ ಎಳೆ ಎಳೆದು ನನ್ನ ರಜಿಸ್ಟರಿನ ಮೇಲೆ ಇಟ್ಟರು.

"ಮಣ್ಣು ಒಂದೇ ನೀರು ಬಸಿಯಂಗಿಲ್ಲ ತಂಗಿ. ಬೇರು ಬಸೀತಾವು. ಬೇರು ದಾರಿ ಮಾಡತಾವು, ಮಣ್ಣು ಹಿಡಕೊಂಡು ಕೂಡತಾವು. ಗಿಡ ಕಡದ್ರಿ ಅಂದ್ರ ಬೇರು ಅವತ್ತ ಸಾಯಂಗಿಲ್ಲ. ಮೂರು ವರ್ಷ, ನಾಲ್ಕು ವರ್ಷ ಒಳಗ ಕೊಳೀತಾವು. ಅಲ್ಲೀತನಾ ಗುಡ್ಡ ನಿಂತಿರತೈತಿ. ನೋಡ್ರಿ, ಏನೂ ಆಗಲಿಲ್ಲ ಅಂತ ಮಂದಿ ಅಂತಾರ. ಆಮ್ಯಾಲೆ ಒಂದು ಮಳಿ. ನೀರು ಇಳದು ಬಂಡೆಗಲ್ಲಿನ ಮ್ಯಾಲೆ ಕುಂದ್ರತೈತಿ. ಹಿಡಿಯೋರು ಯಾರೂ ಇಲ್ಲ."

ಆಮೇಲೆ ಮೆಲ್ಲಗೆ, "ಗಿಡ ಇರೂತನಕ ಅಂತ ಎರಡು ಮಾತು ಬರೀಬೇಕಿತ್ತು. ಜಾಗಾನೂ ಇತ್ತು" ಎಂದರು.

ರಜೆ ಹಾಕಿ ಅಕ್ಕನ ಊರಿಗೆ ಹೋದರು. ಅವಳಿಗೆ ಆಗಲೇ ಅರವತ್ತು ದಾಟಿತ್ತು, ಮೊಮ್ಮಕ್ಕಳು. ಗುರುತು ಹಿಡಿದು ಖುಷಿಪಟ್ಟಳಂತೆ. ಮನೆ ಬಿಡು ಎಂದದ್ದಕ್ಕೆ ನಕ್ಕಳಂತೆ. ಗಟ್ಟಿ ಅಂದವರೂ ನೀವೇ, ಬಿಡು ಅನ್ನುವವರೂ ನೀವೇ, ಯಾವುದನ್ನು ನಂಬಲಿ ತಮ್ಮಾ ಎಂದಳಂತೆ. ಅಲ್ಲಿಯ ಪಂಚಾಯ್ತಿಯವರು ಒಳ್ಳೆಯವರು. ಅವರು ಇವರದೇ ಕಾರ್ಡಿನ ನಕಲು ತೆಗೆದು ತೋರಿಸಿದರು. ಬಾಯಿಮಾತು ನಡೆಯುವುದಿಲ್ಲ, ಈ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿ ತನ್ನಿ, ಮಳೆಗಾಲ ಮುಗಿಯುವವರೆಗೆ ಬುಡದ ಮನೆಗಳನ್ನು ಶಾಲೆಗಾದರೂ ಸಾಗಿಸುತ್ತೇವೆ ಎಂದರು. ಇವರು ಆ ರಾತ್ರಿಯ ಬಸ್ಸಿಗೇ ತಿರುಗಿ ಬಂದು, ಬೆಳಿಗ್ಗೆ ಸ್ನಾನ ಮಾಡಿ, ಕಚೇರಿಗೆ ಬಂದು ಪತ್ರ ಬರೆಯಲು ಕೂತರು.

ಕಾರ್ಡು ಇರುವುದು ದೂರದ ದೊಡ್ಡ ಕಚೇರಿಯಲ್ಲಿ. ಅಲ್ಲಿಗೆ ನಮ್ಮ ಕಚೇರಿಯ ಮೂಲಕ, ನಂಬರು ಹಾಕಿ, ಮೇಲಧಿಕಾರಿಯ ಸಹಿಯೊಂದಿಗೆ ಪತ್ರ ಹೋಗಬೇಕು. ಖಾಸಗಿ ಕಾಗದಕ್ಕೆ ಅಲ್ಲಿ ಕಿಮ್ಮತ್ತಿಲ್ಲ. ಅರ್ಧ ಪುಟದ ಪತ್ರ. ನನ್ನ ಸಮೀಕ್ಷೆಯ ಕಾರ್ಡಿನ ಷರಾದಲ್ಲಿ ‘ಮೇಲಿನ ಕಾಡು ಇರುವ ತನಕ ಮಾತ್ರ’ ಎಂದು ಸೇರಿಸಲು ಅನುಮತಿ ಕೊಡಬೇಕು, ಗುಡ್ಡದ ಬುಡದಲ್ಲಿ ಮನೆಗಳಿವೆ, ಇಷ್ಟೇ.

ನಮ್ಮ ಅಂದಿನ ಮೇಲಧಿಕಾರಿ ನವಲಗುಂದದ ಕಡೆಯವರು. ಅವರೂ ಎರಿ ಮಣ್ಣಿನವರೇ. ಪತ್ರ ಓದಿ, ನನ್ನನ್ನು ಒಳಗೆ ಕರೆದರು. ನೀರು ಬಸಿಯುತ್ತದೆ ಎಂದು ಬರೆದದ್ದು ತಪ್ಪು ಅಂತ ಹೇಳುವ ಮನುಷ್ಯನನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದು ನಕ್ಕರು. ನಾನೂ ನಕ್ಕೆ. ಅದು ನಮ್ಮ ಜಿಲ್ಲೆಯ ವಿಷಯವಲ್ಲ, ನಿವೃತ್ತಿಗೆ ಬಂದವರು, ಹಳೆಯದನ್ನು ಕೆದಕಿ ಪೆನ್ಶನ್ನಿಗೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆ ಎಂದರು. ಆಮೇಲೆ, "ನಂಬರ್ ಕೊಟ್ಟು ಕುಂಡ್ರಿಸಿಬಿಡು" ಎಂದರು.

ಇದು ನಮ್ಮ ಕಚೇರಿಯ ಒಂದು ಪದ್ಧತಿ. ನನಗಿಂತ ಮುಂಚಿನಿಂದ ಇತ್ತು. ಯಾರಾದರೂ ಹಟ ಹಿಡಿದು ಪತ್ರ ಕಳಿಸಿ ಎಂದು ಕೂತರೆ, ಇಲ್ಲ ಎಂದು ಮುಖ ಮುರಿಯುವುದು ಯಾಕೆ? ಜಾವಕದಲ್ಲಿ ನಂಬರು ಹಾಕುವುದು, ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೊಡುವುದು, ಪತ್ರವನ್ನು ಕಪಾಟಿನ ಕೆಳಗಿನ ಖಾನೆಯಲ್ಲಿ ಇಡುವುದು. ನಂಬರು ಸಿಕ್ಕರೆ ಮನುಷ್ಯ ಸಮಾಧಾನವಾಗಿ ಮನೆಗೆ ಹೋಗುತ್ತಾನೆ. ಯಾರಿಗೂ ನೋವಿಲ್ಲ. ಜಗಳಗಂಟ ರೈತರಿಗೆ ಎಷ್ಟೋ ಸಲ ಹೀಗೆ ಮಾಡಿದ್ದೆ. ಅವರ ಪತ್ರಕ್ಕೂ ಮಾಡಿದೆ. ರಜಿಸ್ಟರಿನಲ್ಲಿ ನಂಬರು, ತಾರೀಖು, ಯಾರಿಗೆ, ವಿಷಯ ಎಲ್ಲ ಬರೆದೆ. ಅಂಚೆಯಲ್ಲೋ ಕೈಯಲ್ಲೋ ಎಂದು ಬರೆಯುವ ಕಾಲಮನ್ನೂ, ಅದರ ಪಕ್ಕದ ಷರಾ ಕಾಲಮನ್ನೂ ಖಾಲಿ ಬಿಟ್ಟೆ.

"ಹೋತೇನ್ ತಂಗಿ?" ಎಂದು ಕೇಳಿದರು.

"ಹೋತ್ರಿ ಸರ್" ಎಂದೆ.

ಚೀಟಿಯನ್ನು ಅವರು ಡಬ್ಬಿಯ ಮುಚ್ಚಳದಲ್ಲಿ, ಆ ಕರೆಯೋಲೆಯ ಪಕ್ಕ ಸಿಕ್ಕಿಸಿದರು. ನಾನು ಅದನ್ನು ನೋಡಿ, ರಜಿಸ್ಟರು ಮುಚ್ಚಿ ಕಪಾಟಿನಲ್ಲಿ ಇಟ್ಟೆ. ಆಮೇಲೆ ಟಪಾಲಿನ ಕೆಲಸದಲ್ಲಿ ಮರೆತೆ. ಮರೆತೆ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೆ ನಿಜ, ಮರೆತೆ.

ಉತ್ತರ ಬರಲಿಲ್ಲ, ಎಲ್ಲಿಂದ ಬರಬೇಕು? ಎರಡು ತಿಂಗಳಿಗೆ ಅವರು ನೆನಪೋಲೆ ಬರೆದರು. ‘ಈ ಕಚೇರಿಯ ಇಂಥ ನಂಬರಿನ ಪತ್ರವನ್ನು ಅವಗಾಹಿಸಬೇಕು’ ಎಂದು ಹಳೆಯ ನಂಬರು ಕಾಣಿಸಿ, ಅಗದಿ ಶಿಸ್ತಿನಿಂದ. ಅದಕ್ಕೂ ಒಂದು ನಂಬರು ಕೊಟ್ಟು ಕುಂಡ್ರಿಸಿದೆ. ಮೊದಲನೆಯದು ಹೋಗಿಲ್ಲ ಅಂದಮೇಲೆ ಎರಡನೆಯದನ್ನು ಹೇಗೆ ಕಳಿಸಲಿ? ಎರಡನೆಯದು ಹೋಗಿಲ್ಲ ಅಂದಮೇಲೆ ಮೂರನೆಯದನ್ನು? ಒಂದು ಸುಳ್ಳಿನ ಮೇಲೆ ಇನ್ನೊಂದು, ರೊಟ್ಟಿ ಬಡಿದು ಬುಟ್ಟಿಗೆ ಹಾಕಿದ ಹಾಗೆ ಆ ಖಾನೆಯಲ್ಲಿ ಐದು ಪತ್ರ ಕೂತವು. ದೊಡ್ಡ ಕಚೇರಿಗೆ ಅವರು ಫೋನು ಮಾಡಿದರೆ, ಪತ್ರ ಬಂದಿಲ್ಲ, ಪತ್ರ ಬಂದ ಮೇಲೆ ನೋಡೋಣ ಎಂಬ ಉತ್ತರ. ಅಲ್ಲಿಯವರು ಕಳೆದುಕೊಂಡಿರಬೇಕು ಎಂದು ಅವರು ಬೈದದ್ದು ಅಲ್ಲಿಯವರನ್ನು. ನನ್ನ ಮೇಲೆ ಅವರಿಗೆ ಎಂದೂ ಅನುಮಾನ ಬರಲಿಲ್ಲ. ಮಿಶ್ರಿಕೋಟಿಯ ತಮ್ಮ ಗದ್ದೆಯ ಹೊಸ ಅಕ್ಕಿಯ ಅವಲಕ್ಕಿ ತಂದು ಕೊಡುತ್ತಲೇ ಇದ್ದರು. ನಾನು ತಿನ್ನುತ್ತಲೇ ಇದ್ದೆ.

ಬೀಳ್ಕೊಡುವ ದಿನ ಶಾಲು, ಹಾರ, ಮಿರ್ಚಿ ಭಜಿ. ಮಾತಾಡಿ ಎಂದರೆ ಎದ್ದು ನಿಂತರು. ಮಣ್ಣು ಯಾವತ್ತೂ ಸುಳ್ಳು ಹೇಳುವುದಿಲ್ಲ, ನಾವು ತುಂಬುವ ಕಾಲಂ ಹೇಳುತ್ತದೆ, ಖಾಲಿ ಬಿಟ್ಟ ಕಾಲಂ ಇನ್ನೂ ದೊಡ್ಡ ಸುಳ್ಳು ಹೇಳುತ್ತದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೋಗುವಾಗ ಡಬ್ಬಿಯನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟು, ಉತ್ತರ ಬಂದರೆ ಫೋನು ಮಾಡು ಎಂದರು. ಆಮೇಲೆ ಪ್ರತಿ ತಿಂಗಳು ಅವರೇ ಮಾಡುತ್ತಿದ್ದರು. ಮೊದಲು ನನ್ನ ಮಕ್ಕಳ ಪರೀಕ್ಷೆ, ನನ್ನ ಅತ್ತೆಯ ಮೊಣಕಾಲು, ಕೊನೆಗೆ ಆ ಒಂದು ಪ್ರಶ್ನೆ. ಇನ್ನೂ ಬಂದಿಲ್ರಿ ಸರ್ ಎನ್ನುತ್ತಿದ್ದೆ. ಅದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮೇಲಧಿಕಾರಿ ವರ್ಗವಾಗಿ ಹೋಗಿದ್ದರು, ಹೊಸಬರು ಬಂದಿದ್ದರು. ಆಗಲಾದರೂ ಆ ಖಾನೆ ತೆಗೆಯಬಹುದಿತ್ತು. ತೆಗೆದರೆ ಇಷ್ಟು ದಿನ ಯಾಕೆ ಇಟ್ಟೆ ಎಂಬ ಪ್ರಶ್ನೆಯೂ ಅದರೊಳಗಿಂದಲೇ ಹೊರಗೆ ಬರುತ್ತಿತ್ತು.

ಕಾಡು ಕಡಿದ ನಾಲ್ಕನೆಯ ಮಳೆಗಾಲ. ಇಲ್ಲಿ ನಮಗೆ ಹೆಸರು ಬೆಳೆಗೆ ತಕ್ಕಷ್ಟು ಹದವಾದ ಮಳೆ, ಊರೆಲ್ಲ ಖುಷಿಯಲ್ಲಿತ್ತು. ಅಲ್ಲಿ ಎಂಟು ದಿನ ಬಿಡದೆ ಸುರಿಯಿತು. ಟೀವಿಯಲ್ಲಿ ಗುಡ್ಡ ಕುಸಿದ ಚಿತ್ರ ಬಂದಾಗ ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಸಿರಿನ ನಡುವೆ ಉದ್ದಕ್ಕೆ ಒಂದು ಕೆಂಪು ಪಟ್ಟೆ. ಆ ಕೆಂಪು ನನಗೆ ಗುರುತು ಹತ್ತಿತು. ನನ್ನ ಟೇಬಲ್ಲಿನ ಮೇಲಿನ ಡಬ್ಬಿಯಲ್ಲಿ ದಿನಾ ನೋಡುವ ಬಣ್ಣ ಅದು. ಅಕ್ಕನ ಮನೆಯವರು ಮದುವೆಗೆಂದು ಬೇರೆ ಊರಿಗೆ ಹೋಗಿದ್ದರಿಂದ ಉಳಿದರು. ದೂರ ನಡೆಯಲಾಗುವುದಿಲ್ಲ ಎಂದು ಅಕ್ಕ ಒಬ್ಬಳೇ ಮನೆಯಲ್ಲಿ ಇದ್ದಳು.

ಎರಡು ದಿನ ಬಿಟ್ಟು ಅವರು ಕಚೇರಿಗೆ ಬಂದರು. ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಇಟ್ಟು, ಎಂದಿನ ಹಾಗೆ ಎಲ್ಲರಿಗೂ ಕೈ ಮುಗಿದು, ನನ್ನ ಎದುರು ಕೂತರು. ಮುಖ ಬಾಡಿ ಹೋಗಿತ್ತು, ವಿಭೂತಿ ಇರಲಿಲ್ಲ. ಮೊದಲ ಪತ್ರ ಇಲ್ಲಿಂದ ಹೋದ ತಾರೀಖು ಬೇಕಿತ್ತು, ಆ ದೊಡ್ಡ ಕಚೇರಿಯ ಮೇಲೆ ದೂರು ಕೊಡುತ್ತೇನೆ, ಪತ್ರ ಇಟ್ಟುಕೊಂಡು ಕೂತವರಿಂದ ಒಂದು ಜೀವ ಹೋಯಿತು ಎಂದರು. ಹಳೆಯ ಜಾವಕದ ರಜಿಸ್ಟರು ಕೊಡು ಎಂದರು.

ಸಿಗುತ್ತಿಲ್ಲ ಎನ್ನಬಹುದಿತ್ತು. ರಜಿಸ್ಟರು ನನ್ನ ಹಿಂದಿನ ಕಪಾಟಿನಲ್ಲಿಯೇ ಇತ್ತು, ಅವರಿಗೂ ಅದು ಕಾಣುತ್ತಿತ್ತು. ತೆಗೆದು ಕೊಟ್ಟೆ.

ಡಬ್ಬಿಯ ಮುಚ್ಚಳದಿಂದ ಚೀಟಿ ತೆಗೆದು ನಂಬರು ನೋಡಿಕೊಂಡು, ಪುಟ ತಿರುಗಿಸಿ, ಆ ಸಾಲಿನ ಮೇಲೆ ಬೆರಳು ಇಟ್ಟರು. ಬೆರಳು ನಂಬರಿನಿಂದ ತಾರೀಖಿಗೆ, ತಾರೀಖಿನಿಂದ ವಿಷಯಕ್ಕೆ ಸರಿಯಿತು. ಮುಂದಿನ ಕಾಲಮಿಗೆ ಬಂದು ನಿಂತಿತು. ಮೇಲಿನ ಸಾಲಿನಲ್ಲಿ ‘ಅಂಚೆ’ ಎಂದಿತ್ತು, ಕೆಳಗಿನ ಸಾಲಿನಲ್ಲಿ ‘ಅಂಚೆ’ ಎಂದಿತ್ತು. ಅವರು ಉಳಿದ ನಾಲ್ಕು ನಂಬರನ್ನೂ ಹುಡುಕಿ ನೋಡಿದರು. ಅವಸರ ಮಾಡಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಗುಂಡಿಯ ಗೋಡೆ ಓದಿದವರಿಗೆ ಒಂದು ರಜಿಸ್ಟರು ಓದುವುದು ಎಷ್ಟರ ಮಾತು. ನಾನು ಎದ್ದು ಹೋಗಿ ಆ ಕೆಳಗಿನ ಖಾನೆಯಿಂದ ಐದು ಪತ್ರ ತಂದು ಅವರ ಮುಂದೆ ಇಟ್ಟೆ. ಧೂಳು ಬಿಟ್ಟರೆ ಬರೆದ ಹಾಗೆಯೇ ಇದ್ದವು.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ. ರಜಿಸ್ಟರು ಮುಚ್ಚಿ, ನನ್ನ ಕಡೆ ಸರಿಸಿ ಒಂದೇ ಮಾತು ಹೇಳಿದರು.

"ನಂದೂ ಖಾಲೀನ ಇತ್ತು ತಂಗಿ."

ಪತ್ರಗಳನ್ನು ತೆಗೆದುಕೊಳ್ಳಲಿಲ್ಲ. ಡಬ್ಬಿಯನ್ನೂ ತೆಗೆದುಕೊಳ್ಳಲಿಲ್ಲ. ಕೊಡೆ ಮರೆತು ಹೋದರು. ನಾನು ಕೊಡೆ ಹಿಡಿದುಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಆಮೇಲೆ ಅವರ ಫೋನು ಬರಲಿಲ್ಲ. ನಾನೇ ಮಾಡಬೇಕೆಂದು ಎಷ್ಟೋ ಸಲ ನಂಬರು ತೆಗೆದು, ನೋಡಿ, ಒಳಗೆ ಇಟ್ಟಿದ್ದೇನೆ. ಎರಡು ವರ್ಷ ಹೀಗೆಯೇ ಕಳೆಯಿತು. ಅವರ ಊರಿಗೆ ಇಲ್ಲಿಂದ ಎರಡೇ ಬಸ್ಸು.

ಗುಂಪಿನಲ್ಲಿ ಕೈ ಮುಗಿದ ಚಿತ್ರ ಒತ್ತಿದ ಮರುದಿನ ಕಚೇರಿಗೆ ಹೋಗಿ, ಆ ಐದೂ ಪತ್ರಗಳ ಮೇಲೊಂದು ಹೊಸ ಪತ್ರ ಹಚ್ಚಿ, ಈಗಿನ ಸಾಹೇಬರು ಸಹಿ ಮಾಡುವ ಕಾಗದದ ರಾಶಿಯ ನಡುವೆ ಇಟ್ಟೆ. ಗುಡ್ಡದ ಇನ್ನರ್ಧ ಇನ್ನೂ ನಿಂತಿದೆ, ಅದರ ಬುಡದಲ್ಲೂ ಮನೆಗಳಿವೆ, ಆ ಕಾರ್ಡಿನಲ್ಲಿ ಇನ್ನೂ ‘ಇಲ್ಲ’ ಎಂದೇ ಇದೆ. ಸಾಹೇಬರು ಫೋನಿನಲ್ಲಿ ಮಾತಾಡುತ್ತ ಓದದೆಯೇ ಸಹಿ ಹಾಕಿದರು. ಅಷ್ಟು ಸುಲಭ ಇತ್ತು. ನಂಬರು ಹಾಕಿ, ನಾನೇ ಅಂಚೆ ಕಚೇರಿಗೆ ನಡೆದು ಹೋಗಿ, ರಿಜಿಸ್ಟರ್ಡ್ ಟಪಾಲಿನಲ್ಲಿ ಕಳಿಸಿದೆ.

ಅವರು ಇರುವವರೆಗೆ ಕಾದ ಉತ್ತರ ಹದಿನೇಳನೆಯ ದಿನಕ್ಕೆ ಬಂತು. ನಾಲ್ಕು ಸಾಲು. ಸದರಿ ಕಾರ್ಡಿನಲ್ಲಿ ಷರಾ ಸೇರಿಸಲು ಈ ಕಚೇರಿಯ ಅಭ್ಯಂತರವಿರುವುದಿಲ್ಲ. ಮೂಲ ಸಮೀಕ್ಷಕರು ಯಾವುದೇ ಕೆಲಸದ ದಿನ ಖುದ್ದಾಗಿ ಹಾಜರಾಗಿ, ತಮ್ಮ ಕೈಬರಹದಲ್ಲಿ ಬರೆದು ಸಹಿ ಮಾಡತಕ್ಕದ್ದು. ಬೇರೆಯವರು ಬರೆದ ಷರಾವನ್ನು ಮಾನ್ಯ ಮಾಡಲಾಗುವುದಿಲ್ಲ.

ಡಬ್ಬಿ ಟೇಬಲ್ಲಿನ ಮೇಲೆಯೇ ಇತ್ತು. ಆವಕದ ರಜಿಸ್ಟರು ತೆಗೆದೆ. ನಂಬರು ಹಾಕಿದೆ, ತಾರೀಖು ಬರೆದೆ, ಯಾರಿಂದ, ಏನು ವಿಷಯ ಎಲ್ಲ ಬರೆದೆ. ಕೊನೆಯ ಷರಾ ಕಾಲಮಿನಲ್ಲಿ ‘ಮೂಲ ಸಮೀಕ್ಷಕರು ತೀರಿಕೊಂಡಿದ್ದಾರೆ’ ಎಂದು ಬರೆದು ಸಹಿ ಮಾಡಿದೆ. ಆ ಕಾಲಂ ತುಂಬಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.